ಹಾಲಿನ ಅಂಟು ಹಾಕಿದ ರೆಕ್ಕೆ

1937ರ ಶ್ರಾವಣದಲ್ಲಿ, ಪುಣೆಯ ನಾರಾಯಣ ಪೇಟೆಯ ನಮ್ಮ ಬಾಡಿಗೆ ಮನೆಯ ಪಡಸಾಲೆಯಲ್ಲಿ, ಅಣ್ಣ ಕಟ್ಟುತ್ತಿದ್ದ ವಿಮಾನದ ಎಡರೆಕ್ಕೆಯ ಅಂಟಿನ ಬೆಸುಗೆ ಬಾಯಿ ಬಿಟ್ಟಿತು.

ಅಣ್ಣ ಸರ್ಕಾರಿ ಕಚೇರಿಯಲ್ಲಿ ನಕಾಶೆ ಬರೆಯುತ್ತಿದ್ದ. ಹಳೆ ಸಾಮಾನು ಮಾರುವ ಜುನಾ ಬಜಾರಿನಲ್ಲಿ ಸಿಕ್ಕ ಇಂಗ್ಲಿಷ್ ಮಾಸಿಕವೊಂದರ ಚಿತ್ರಗಳನ್ನು ನೋಡಿ ಒಬ್ಬರೇ ಕೂರುವ ವಿಮಾನ ಕಟ್ಟಲು ಹೊರಟಿದ್ದ. ಹಳೆಯ ಮೋಟರ್ ಸೈಕಲ್ಲಿನ ಎಂಜಿನ್ ತಂದಿಟ್ಟಿದ್ದ. ತಾನೇ ಕಟ್ಟಿದ್ದರಲ್ಲಿ ಒಮ್ಮೆ ಹಾರಬೇಕು ಎಂಬುದಷ್ಟೇ ಅವನ ಆಸೆ. ಮದುವೆಯ ಮಾತನ್ನೂ ಅದಕ್ಕಾಗಿ ಮುಂದೂಡಿದ್ದ.

ಅವ್ವ ಬೇಡವೆನ್ನಲಿಲ್ಲ. ಆದರೆ ಬಡಗಿಗಳು ಬಳಸುವ ಅಂಟನ್ನು ಒಳಗೆ ಬಿಡಲಿಲ್ಲ.

"ದೇವರ ಮನೀ ಗ್ವಾಡಿಗೆ ಹತ್ತಿ ಎಲುಬಿನ ಅಂಟು ಕುದಸ್ತೀಯೇನು?" ಎಂದಳು.

ಮುಂಬಯಿಯಲ್ಲಿ ಹಾಲಿನಿಂದಲೇ ಮಾಡಿದ ಅಂಟಿನ ಪುಡಿ ಸಿಗುತ್ತದೆ, ವಿಮಾನಕ್ಕೆ ಅದೇ ಸರಿ ಎಂದು ಅಣ್ಣ ತಿಳಿಸಿ ಹೇಳಿದ.

"ಡಬ್ಬಿಯೊಳಗ ಹಾಲು ಬಿಟ್ಟು ಬ್ಯಾರೆ ಏನೂ ಇಲ್ಲಂತ ಆಣಿ ಮಾಡು."

ಅಣ್ಣನಿಗೆ ಆಣೆ ಮಾಡಲಾಗಲಿಲ್ಲ. ಅಂಟನ್ನು ಮನೆಯಲ್ಲೇ ಮಾಡೋಣ ಎಂದ.

ಕೆನೆ ತೆಗೆದ ಹಾಲನ್ನು ಅವ್ವ ಮಡಿಯಲ್ಲಿಯೇ ಒಡೆಸುತ್ತಿದ್ದಳು. ಗಟ್ಟಿಯನ್ನು ಬಟ್ಟೆಯಲ್ಲಿ ಹಿಂಡಿ ಒಣಗಿಸಿ, ಒರಳಲ್ಲಿ ಕುಟ್ಟಿ ಕೊಡುತ್ತಿದ್ದಳು. ಅಣ್ಣ ಅದಕ್ಕೆ ಸುಣ್ಣ ಕಲೆಸಿ ಮರಕ್ಕೆ ಹಚ್ಚುತ್ತಿದ್ದ. ಸುತ್ತಲಿನ ಮರಾಠಿ ಮನೆಗಳವರು ಅದನ್ನು 'ತಾಕಾಚೆ ವಿಮಾನ', ಮಜ್ಜಿಗೆಯ ವಿಮಾನ, ಎಂದು ಕರೆದರು. ಮಾಲೀಕರ ಹೆಂಡತಿ ಅವ್ವನಿಗೆ, ಹಾರದಿದ್ದರೆ ಕಡೆದು ಬೆಣ್ಣೆಯಾದರೂ ತೆಗೆಯಿರಿ ಎಂದು ಮರಾಠಿಯಲ್ಲಿ ಕಿಚಾಯಿಸಿದರು. ಅವ್ವ ನಕ್ಕಳು. ಬಂದವರಿಗೆಲ್ಲ ರೆಕ್ಕೆ ತೋರಿಸುವ ಕೆಲಸ ಅವಳದೇ ಆಗಿತ್ತು.

ಬೇಸಿಗೆಯಲ್ಲಿ ಅಣ್ಣ ಎರಡು ತುಂಡು ಮರ ಅಂಟಿಸಿ, ಅದಕ್ಕೆ ಬೀಸುವ ಕಲ್ಲು ತೂಗಿಬಿಟ್ಟು ನೋಡಿದ್ದ. ಕಲ್ಲಿನ ಮೇಲೆ ಕಲ್ಲು ಹೇರಿದಾಗ ಮರ ಸೀಳಿತು, ಅಂಟು ಬಿಡಲಿಲ್ಲ. ಮಳೆಗಾಲ ಕಳೆದ ಮೇಲೆ ವಿಮಾನವನ್ನು ಊರಾಚೆಯ ಬಯಲಿಗೆ ಒಯ್ಯುವುದೆಂದು ನಿಶ್ಚಯವಾಯಿತು.

ಆ ವರ್ಷ ಮಳೆ ಬಿಡದೆ ಸುರಿಯಿತು. ಪಡಸಾಲೆಯಲ್ಲಿ ಹುಳಿ ವಾಸನೆ ಹುಟ್ಟಿತು. ಅಡುಗೆಮನೆಯದೆಂದು ನಾವು ತಿಳಿದೆವು. ಒಂದು ಬೆಳಿಗ್ಗೆ ಅಣ್ಣ ರೆಕ್ಕೆಯ ಬೆಸುಗೆಗೆ ಚಾಕು ತಾಗಿಸಿದ. ಅದು ಸಲೀಸಾಗಿ ಒಳಗೆ ಹೋಯಿತು. ಒಳಗೆಲ್ಲ ಹಸಿರು ಬೂಸು. ಕೆಲವು ಬೆಸುಗೆ ಗಟ್ಟಿಯಾಗಿದ್ದವು, ಕೆಲವು ಕೈಯಲ್ಲೇ ಬಿಟ್ಟುಬಂದವು. ಯಾವುದು ಗಟ್ಟಿ, ಯಾವುದು ಅಲ್ಲ ಎಂದು ಹೊರಗಿನಿಂದ ತಿಳಿಯುವಂತಿರಲಿಲ್ಲ.

ಅವ್ವ ಬಾಗಿಲಲ್ಲಿ ನಿಂತಿದ್ದಳು.

"ನನ್ನ ಕೈಲೇ ಕೆಟ್ಟಿತೇನೋ?"

"ಇಲ್ಲವ್ವಾ. ಮಳಿ ಭಾಳ ಆತು. ಯಾವ ಅಂಟಿದ್ರೂ ಬಿಡ್ತಿತ್ತು."

ಮುಂಬಯಿಯ ಡಬ್ಬಿಯಲ್ಲಿ ಬೂಸು ತಡೆಯುವ ಔಷಧಿ ಬೆರೆಸಿರುತ್ತಾರೆಂದು ಅವನಿಗೆ ಮೊದಲೇ ಗೊತ್ತಿತ್ತು. ವಾರ್ನಿಶ್ ಬಳಿದರೆ ಸಾಕು ಎಂದುಕೊಂಡಿದ್ದ. ಇದನ್ನು ಅವನು ನನಗೆ ಹೇಳಿದ್ದು ಬಹಳ ವರ್ಷಗಳ ನಂತರ. ಅವ್ವನಿಗೆ ಹೇಳಲೇ ಇಲ್ಲ.

ಮತ್ತೆ ಮೊದಲಿನಿಂದ ಕಟ್ಟುವ ಮಾತನ್ನು ಅವನು ಎತ್ತಲಿಲ್ಲ. ರೆಕ್ಕೆಗಳನ್ನು ತಾನೇ ಬಿಚ್ಚಿದ. ಎಂಜಿನ್ ಪುಣೆ ಹತ್ತಿರದ ಭೋರ್ ಊರಿನ ತೋಟವೊಂದಕ್ಕೆ ನೀರೆತ್ತಲು ಹೋಯಿತು. ಮರ ಬಚ್ಚಲ ಒಲೆಗೆ ಬಂತು. ಆ ಚಳಿಗಾಲ ಅಣ್ಣ ಆ ಒಲೆಯಲ್ಲಿ ಕಾದ ನೀರಿನಲ್ಲೇ ಮಿಂದು ಕಚೇರಿಗೆ ಹೋದ. ಅಂಟಿಗೆ ಹಾಲು ಒಡೆಸುತ್ತಿದ್ದ ಪಾತ್ರೆಯನ್ನು ಅವ್ವ ತಿಕ್ಕಿ ಅಟ್ಟಕ್ಕೆ ಹಾಕಿದಳು. ಯಾರಾದರೂ ವಿಮಾನದ ಸುದ್ದಿ ಕೇಳಿದರೆ, ಆ ವರ್ಷ ಮಳೆ ಭಾಳ ಆಯಿತೆಂದು ಹೇಳುತ್ತಿದ್ದಳು.

ಅವಳು 1944ರಲ್ಲಿ ತೀರಿಕೊಂಡಳು. ಅಣ್ಣ ಅದೇ ಕಚೇರಿಯಲ್ಲಿದ್ದಾನೆ. ಈವರೆಗೆ ವಿಮಾನ ಹತ್ತಿಲ್ಲ.