ಟಾರ್ನೀಟ್ ಅಂಗಡಿಯ ಬೋಣಿ

ನಾನು ಲಾಟರಿ ಕಂಪನಿಯಲ್ಲಿದ್ದೇನೆ ಎಂದರೆ ನಮ್ಮವರು ಮೊದಲು ಕೇಳುವುದು, ಎಷ್ಟು ಸಲ ಹೊಡೆದಿದೆ ಎಂದು. ಒಂದು ಸಲವೂ ಇಲ್ಲ. ನಾವು ಟಿಕೆಟ್ ಕೊಳ್ಳುವಂತೆಯೇ ಇಲ್ಲ. ಅಂಗಡಿಗಳಲ್ಲಿ ಟಿಕೆಟ್ ಮುದ್ರಿಸುವ ಮಷೀನುಗಳನ್ನು ನಮ್ಮ ಕಂಪನಿ ಒದಗಿಸುತ್ತದೆ, ಅವುಗಳನ್ನು ಪರೀಕ್ಷಿಸುವವಳು ನಾನು. ಒಂದು ಟಿಕೆಟ್ ಕೊಂಡರೂ ಕೆಲಸಕ್ಕೆ ಕುತ್ತು ಎಂಬ ಕಾಗದಕ್ಕೆ ಸೇರಿದ ದಿನವೇ ಸಹಿ ಹಾಕಿದ್ದೆ.

ಆಫೀಸು ಇರುವುದು ಸಿಡ್ನಿಯ ಮ್ಯಾಕ್ವೆರಿ ಪಾರ್ಕ್‌ನಲ್ಲಿ. ಒಮ್ಮೆ ಮೆಲ್ಬರ್ನ್‌ನ ಟಾರ್ನೀಟ್‌ನಲ್ಲಿ ಹೊಸ ಅಂಗಡಿಗೆ ಮಷೀನು ಕೂರಿಸಲು ನನ್ನನ್ನು ಕಳಿಸಿದರು. ಅಂಗಡಿ ಮಂಗಳೂರು ಕಡೆಯ ಆಂಟಿಯೊಬ್ಬರದು. ನರ್ಸ್ ಕೆಲಸ ಬಿಟ್ಟು, ಕೂಡಿಟ್ಟದ್ದನ್ನೆಲ್ಲ ಸುರಿದು, ಪತ್ರಿಕೆ, ಗ್ರೀಟಿಂಗ್ ಕಾರ್ಡು, ಲಾಟರಿಯ ಅಂಗಡಿ ಇಟ್ಟಿದ್ದರು. ಕೌಂಟರಿನ ಹಿಂದೆ ಮೇರಿಮಾತೆಯ ಚಿತ್ರವಿತ್ತು. ಪರೀಕ್ಷೆಯ ಟಿಕೆಟ್‌ಗಳನ್ನು ಹರಿದುಹಾಕಿ, ಮಷೀನು ಇನ್ನು ಮಾರಾಟಕ್ಕೆ ಸಿದ್ಧ ಎಂದೆ.

"ಹಾಗಾದ್ರೆ ನಿನ್ನ ಕೈಯಿಂದಲೇ ಬೋಣಿ ಆಗ್ಲಿ ಮಾರಾಯ್ತಿ. ಒಂದು ಟಿಕೆಟ್ ತೆಗೊ" ಎಂದರು ಆಂಟಿ.

"ನಾವು ತಗೊಳ್ಳಾಕ ಬರಂಗಿಲ್ರಿ ಆಂಟಿ. ರೂಲ್ಸ್ ಐತಿ."

"ರೂಲ್ಸ್ ಇರ್ಲಿ. ಮೊದಲು ಬಂದವಳೇ ಬರಿಗೈಯಲ್ಲಿ ಹೋದ್ರೆ ಹೇಗೆ?"

ಹುಬ್ಬಳ್ಳಿಯಲ್ಲಿ ನಮ್ಮಪ್ಪನದು ಬಳೆ ಅಂಗಡಿ. ಬೆಳಗಿನ ಮೊದಲ ಗಿರಾಕಿ ಏನೂ ಕೊಳ್ಳದೆ ಹೋದರೆ ದಿನವಿಡೀ ಅಪ್ಪನ ಮುಖ ಗಂಟು. ಹಾಗಾಗಿ ಬೋಣಿ ಮಾಡಲಾರೆ ಎನ್ನಲು ನನಗೆ ಬಾಯಿ ಬರಲಿಲ್ಲ. ನೋಟು ಕೊಟ್ಟು ಟಿಕೆಟನ್ನು ಪರ್ಸಿಗೆ ಹಾಕಿಕೊಂಡೆ. ಆಂಟಿ ನೋಟನ್ನು ಹಣೆಗೆ ಮುಟ್ಟಿಸಿ, ಶಿಲುಬೆಯ ಗುರುತು ಮಾಡಿ, ಗಲ್ಲಾಪೆಟ್ಟಿಗೆಗೆ ಹಾಕಿದರು. ಇಬ್ಬರಿಗೂ ಖುಷಿಯೋ ಖುಷಿ.

ಏರ್‌ಪೋರ್ಟಿನಲ್ಲಿ ಪರ್ಸ್ ತೆರೆದಾಗ ಟಿಕೆಟ್ ಕಣ್ಣಿಗೆ ಬಿತ್ತು. ಸಹಿ ಹಾಕಿದ್ದ ಕಾಗದ ಆಗ ನೆನಪಾಯಿತು. ಈ ದೇಶದಲ್ಲಿ ಕಾಯಂ ನೆಲೆಸಲು ಹಾಕಿದ್ದ ನಮ್ಮ ಪಿಆರ್ ಅರ್ಜಿ ನಿಂತಿದ್ದೇ ಈ ಕಂಪನಿಯ ಸ್ಪಾನ್ಸರ್‌ಶಿಪ್ ಮೇಲೆ. ಕೆಲಸ ಹೋದರೆ ವೆಸ್ಟ್‌ಮೀಡ್‌ನ ಬಾಡಿಗೆ ಫ್ಲ್ಯಾಟು, ಮಗಳ ಶಾಲೆ ಎಲ್ಲ ಬಿಟ್ಟು ಗಂಟುಮೂಟೆ ಕಟ್ಟಬೇಕು. ಇಂಥ ಪೆದ್ದು ಕೆಲಸ ಮಾಡಿದ್ದಕ್ಕೆ ನನ್ನನ್ನು ನಾನೇ ಬಾಯಿಗೆ ಬಂದಂತೆ ಬೈದುಕೊಂಡು ಆಂಟಿಗೆ ಫೋನ್ ಮಾಡಿದೆ.

"ಹರಿದು ಬಿಸಾಡು, ಯಾರಿಗೆ ಗೊತ್ತಾಗ್ತದೆ?" ಎಂದವರು ತಾವೇ ಮಾತು ಬದಲಿಸಿದರು. "ಬೇಡ, ಹೇಳಿಬಿಡು. ಒತ್ತಾಯ ಮಾಡಿದ್ದು ನಾನು ಅಂತ ನಾನೇ ಬರೆದು ಕಳಿಸ್ತೇನೆ."

"ನಿಮ್ಮ ಲೈಸೆನ್ಸಿಗೆ ತೊಂದ್ರಿ ಆದ್ರ?"

"ಆದ್ರೆ ನೋಡುವ. ನರ್ಸ್ ಕೆಲಸ ಮರ್ತುಹೋಗಿಲ್ಲ ನಂಗೆ."

ಮರುದಿನ ಟಿಕೆಟನ್ನು ಮ್ಯಾನೇಜರ್ ಮೇಜಿನ ಮೇಲಿಟ್ಟೆ. ಆಕೆ ಇಲ್ಲಿಯೇ ಹುಟ್ಟಿ ಬೆಳೆದವರು, ನಗುವುದು ಅಪರೂಪ. ಯಾಕೆ ಕೊಂಡೆ ಎಂದು ಕೇಳಿದರು. ಬೋಣಿಯ ಬಗ್ಗೆ ಇಂಗ್ಲಿಷಿನಲ್ಲಿ ಹೇಳುತ್ತ ಹೋದ ಹಾಗೆ ನನಗೇ ಅದು ಹುಚ್ಚಾಟದಂತೆ ಕೇಳಿಸಿತು. ಆಂಟಿ ಕಳಿಸಿದ ಈಮೇಲನ್ನು ಅವರು ಎರಡು ಸಲ ಓದಿದರು. ಮೊದಲ ಮಾರಾಟದ ಹೊತ್ತು ಮಷೀನಿನಲ್ಲೇ ದಾಖಲಾಗಿರುತ್ತದೆ, ನೀನು ಹೇಳದಿದ್ದರೂ ನಮಗೆ ಗೊತ್ತಾಗುತ್ತಿತ್ತು, ಆಗ ನಿನ್ನನ್ನು ಉಳಿಸಲು ನನ್ನಿಂದ ಆಗುತ್ತಿರಲಿಲ್ಲ ಎಂದರು. ಟಿಕೆಟ್ ರದ್ದಾಯಿತು, ನನಗೊಂದು ಎಚ್ಚರಿಕೆಯ ಪತ್ರ ಸಿಕ್ಕಿತು, ಆಂಟಿಯ ತಂಟೆಗೆ ಯಾರೂ ಹೋಗಲಿಲ್ಲ. ಕೆಲಸ ಉಳಿಯಿತು. ಟಾಯ್ಲೆಟ್ಟಿಗೆ ಹೋಗಿ ಚೆನ್ನಾಗಿ ಅತ್ತೆ.

ಮುಂದಿನ ತಿಂಗಳು ಮಷೀನು ಕೂರಿಸುವವರ ಚೆಕ್‌ಲಿಸ್ಟಿನಲ್ಲಿ ಹೊಸ ಸಾಲೊಂದು ಕಂಡಿತು: ಮೊದಲ ಮಾರಾಟಕ್ಕೆ ಹೊರಗಿನ ಗಿರಾಕಿಯೊಬ್ಬರನ್ನು ಕರೆಸಿಕೊಂಡಿರಲು ಅಂಗಡಿಯವರಿಗೆ ತಿಳಿಸಿ. ಬೋಣಿ ಎಂಬ ಶಬ್ದವನ್ನೇ ಕೇಳಿರದಿದ್ದ ಮ್ಯಾನೇಜರ್ ನಮ್ಮ ಬೋಣಿಗೆ ಜಾಗ ಮಾಡಿಕೊಟ್ಟಿದ್ದರು. ಆ ಋಣ ನಾನು ಮರೆಯುವುದಿಲ್ಲ.

ಪಿಆರ್ ಬಂದ ಮೇಲೆ ಮತ್ತೆ ಟಾರ್ನೀಟ್‌ಗೆ ಹೋದೆ, ಈ ಸಲ ಸ್ವಂತ ಖರ್ಚಿನಲ್ಲಿ. ಆಂಟಿ ಬಾಗಿಲು ತೆಗೆಯುವ ಮೊದಲೇ ಹೊರಗೆ ನಿಂತಿದ್ದೆ. "ಇವತ್ತಿನ ಬೋಣಿ ನಂದ ರೀ" ಎಂದು ಎರಡು ಥ್ಯಾಂಕ್ಯೂ ಕಾರ್ಡು ಕೊಂಡೆ. ಅವತ್ತೂ ಹೀಗೆ ಒಂದು ಕಾರ್ಡು ಕೊಂಡಿದ್ದರೆ ಸಾಕಿತ್ತು, ನನಗಾಗಲಿ ಅವರಿಗಾಗಲಿ ಹೊಳೆಯಲೇ ಇಲ್ಲ. ಆಂಟಿ ನೋಟನ್ನು ಹಣೆಗೆ ಮುಟ್ಟಿಸಿಕೊಂಡರು. ಒಂದು ಕಾರ್ಡನ್ನು ಮ್ಯಾನೇಜರಿಗೆಂದು ಬ್ಯಾಗಿಗೆ ಹಾಕಿದೆ. ಇನ್ನೊಂದನ್ನು ಕೌಂಟರಿನ ಮೇಲೆಯೇ ಬರೆದು ಆಂಟಿಯ ಕೈಗೆ ಕೊಟ್ಟೆ.