ಎರೆಹುಳದವಳು

ಪ್ರಾಣಿಸಂಗ್ರಹಾಲಯದ ಹಿಂಬದಿಯ ಶೆಡ್ಡಿನಲ್ಲಿ ಎರೆಹುಳ ಸಾಕಿ ಗಿಡಗಳಿಗೆ ಗೊಬ್ಬರ ಮಾಡಿಕೊಡುವುದು ಒಂದು ಮನೆಯ ದೊಡ್ಡ ಸೊಸೆಯ ಕೆಲಸ. ಹನ್ನೊಂದು ವರ್ಷದಿಂದ ಅದೇ ಶೆಡ್ಡು, ಅದೇ ಒದ್ದೆ ಗೋಣಿಚೀಲ. ಹೋದ ವರ್ಷ ಅಲ್ಲಿಗೇ ಕೆಲಸಕ್ಕೆ ಸೇರಿದ ಅದೇ ಮನೆಯ ಚಿಕ್ಕ ಸೊಸೆಗೆ ಬಂದ ದಿನವೇ ಡಾಲ್ಫಿನ್ ಕೊಳ ಕೊಟ್ಟರು. ಅವಳು ಸೀಟಿ ಊದಿದರೆ ಡಾಲ್ಫಿನ್ ನೆಗೆಯುತ್ತದೆ, ಜನ ಚಪ್ಪಾಳೆ ತಟ್ಟುತ್ತಾರೆ. ಊಟಕ್ಕೆ ಕೂತರೆ ಅತ್ತೆಯ ಬಾಯಲ್ಲೂ ಡಾಲ್ಫಿನ್ನೇ. ದೊಡ್ಡವಳಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ?

“ನಿನ್ನ ಡಾಲ್ಫಿನ್‌ಗಿರೋದು ಒಂದೇ ಹೃದಯ. ನನ್ನ ಹುಳಕ್ಕೆ ಐದು ಜೊತೆ, ಗೊತ್ತಾ?” ಎಂದಳು ಒಂದು ದಿನ ಊಟಕ್ಕೆ ಕೂತಾಗ.

“ಹೌದಾ ಅಕ್ಕಾ! ಕರೆದ್ರೆ ಬರ್ತವಾ?”

ಚಿಕ್ಕವಳು ನಿಜಕ್ಕೂ ತಿಳಿಯದೆ ಕೇಳಿದ್ದಳು. ಅತ್ತೆಗೆ ಮಾತ್ರ ನಗುವಿನ ಭರದಲ್ಲಿ ನೀರು ನೆತ್ತಿಗೇರಿತು.

ಮರುದಿನ ಸಂಗ್ರಹಾಲಯದ ಗೇಟಿನಲ್ಲಿ ಹೊಸ ಕಾವಲುಗಾರ ದೊಡ್ಡವಳನ್ನು ತಡೆದ.

“ಯಾರಮ್ಮಾ ನೀವು?”

“ಎರೆಹುಳದವಳು.”

“ಯಾವ ಹುಳ? ಟಿಕೆಟ್ ತಗೊಂಡು ಬನ್ನಿ.”

ಹಿಂದೆ ಜನರ ಸಾಲು ಬೆಳೆಯುತ್ತಿತ್ತು. ಅವಳು ಹಲ್ಲು ಕಚ್ಚಿಕೊಂಡು ಹೇಳಿದಳು:

“ಡಾಲ್ಫಿನ್‌ನವಳ ವಾರಗಿತ್ತಿ ಕಣಪ್ಪಾ.”

ಅವನು ಎದ್ದು ನಿಂತು ಗೇಟು ತೆಗೆದ.