ಆಷಾಢದಲ್ಲಿ ಉಳಿದ ಸೋಬಾನೆ

ಆಷಾಢ ಬಂತೆಂದರೆ ಮಳವಳ್ಳಿಯ ಮದುವೆ ವಿಡಿಯೊದವರೆಲ್ಲ ಕೈಕಟ್ಟಿ ಕೂರುತ್ತಾರೆ. ಮಹದೇವುಗೆ ಮಾತ್ರ ಆಗಲೇ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಮದುವೆಯಿಲ್ಲದ ಆ ತಿಂಗಳು ಪೂರ್ತಿ ತಾನು ತೆಗೆದ ಹಳೆಯ ಮದುವೆಗಳ ಸಿ.ಡಿ.ಗಳನ್ನು ಒಂದೊಂದಾಗಿ ಹಾಕಿ ನೋಡುತ್ತಾನೆ. ತಡವರಿಸಿದ್ದನ್ನು ಹೊಸ ಸಿ.ಡಿ.ಗೆ ಇಳಿಸುತ್ತಾನೆ. ನೂರು ವರ್ಷ ಬಾಳುತ್ತದೆ ಎಂದ ಮಾರಾಟಗಾರನ ಮಾತು ನಂಬಿ, ಕೆಲವೇ ವರ್ಷಗಳಲ್ಲಿ ತನ್ನದೇ ಧಾರೆಯ ದೃಶ್ಯ ಕಳೆದುಕೊಂಡ ಪುಣ್ಯಾತ್ಮ ಅವನು. ಹೆಂಡತಿ ಮಂಜುಶ್ರೀ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ.

ಈ ಆಷಾಢದಲ್ಲಿ ಕಿರುಗಾವಲಿನ ಇಂದ್ರಮ್ಮ ಸೆರಗಿನಲ್ಲಿ ಸಿ.ಡಿ. ಸುತ್ತಿಕೊಂಡು ಬಸ್ ನಿಲ್ದಾಣದ ಎದುರಿನ ಅವನ ಅಂಗಡಿಗೆ ಬಂದಳು. ಅದು ಅವಳ ಮಗಳ ಮದುವೆಯದು. ಇಂದ್ರಮ್ಮನ ಅಕ್ಕ ಪಟ್ಟಲಮ್ಮ ಬೀಗರನ್ನು ಗೋಳು ಹೊಯ್ದುಕೊಂಡು ಹಾಡಿದ ಸೋಬಾನೆ ಅದರಲ್ಲಿತ್ತು. ಅಕ್ಕ ಈಗಿಲ್ಲ, ಆ ಹಾಡು ಬೇರೆ ಯಾರಿಗೂ ಪೂರ್ತಿ ಬಾರದು. ಶ್ರಾವಣದಲ್ಲಿ ಮೊಮ್ಮಗಳ ಮದುವೆ. ಆ ಹಾಡಿಲ್ಲದೆ ಅರಿಶಿನ ಹಚ್ಚಕೂಡದು ಎಂದು ಇಂದ್ರಮ್ಮ ಹಟ ಹಿಡಿದಿದ್ದಳು.

ಮಹದೇವು ಸಿ.ಡಿ.ಯನ್ನು ಬೆಳಕಿಗೆ ಹಿಡಿದ. ಬೆಳ್ಳಿಬಣ್ಣದ ಪದರ ಎದ್ದುಹೋಗಿ, ಅದರೊಳಗಿಂದ ಆಚೆಯ ಬಸ್ಸುಗಳೇ ಕಾಣುತ್ತಿದ್ದವು.

“ಏನ್ ಮಾಡುದ್ರಿ ಇಂದ್ರಕ್ಕ ಇದ್ಕೆ?”

“ದೇವ್ರ ಮುಂದೇನೆ ಮಡ್ಗಿದ್ದೆ ಕಣಪ್ಪ. ಆಯುದಪೂಜೆಗೆ ಅರಿಸಿನ ಕುಂಕುಮ ಇಕ್ತಿದ್ದೆ. ಆಮೇಕೆ ದೀಪದ್ ಕಂಬದ ಜೊತೆ ಉಣಸೆಹಣ್ಣಾಕಿ ತಿಕ್ತಿದ್ದೆ. ಎಂಗೆ ಫಳಫಳ ಅಂತಿತ್ತು!”

ನಗು ಉಕ್ಕಿಬಂದರೂ ಮಹದೇವು ತುಟಿ ಕಚ್ಚಿ ತಡೆದ. “ಇದ್ರಲ್ಲಿ ಏನೂ ಉಳ್ದಿಲ್ಲ ಕಣಕ್ಕ” ಎಂದ. ಇಂದ್ರಮ್ಮನ ಮುಖ ಬಾಡಿತು.

“ಅಳ್ಬ್ಯಾಡಿ, ತಡೀರಿ. ನನ್ತಾವೂ ಒಂದದೆ. ಓದ್ ವರ್ಸ ಆಸಾಡದಲ್ಲಿ ಒಸ ಸಿ.ಡಿ.ಗೆ ಇಳಿಸಿವ್ನಿ.”

ಬಿಸಿಲು ತಾಗದ ಬೀರುವಿನಿಂದ ತೆಗೆದು ಕಂಪ್ಯೂಟರಿಗೆ ಹಾಕಿದ. ಚಪ್ಪರ ಬಂತು, ಅರಿಶಿನದ ಬಟ್ಟಲು ಬಂತು, ಚಿತ್ರ ಗಕ್ಕನೆ ನಿಂತಿತು. ತನ್ನ ಧಾರೆಯ ಗತಿಯೇ ಇದಕ್ಕೂ ಬಂತೇನೋ ಎಂದು ಮಹದೇವು ಡ್ರೈವಿಗೆ ಕಿವಿಯಿಟ್ಟ. ಅದು ಗೊರಗೊರ ಎಂದು ತಿರುಗಿತು, ಚಿತ್ರ ಮತ್ತೆ ಹೊರಟಿತು.

“ಗಂಡಿನವ್ರು ಬಂದವ್ರೆ ಗಾಡೀಲಿ, ಕಜ್ಜಾಯ ಎಲ್ಲಾ ಜೋಬೀಲಿ, ಸೋಬಾನೆ!”

ಬಾಯ್ತುಂಬ ಎಲೆಅಡಿಕೆ, ಕಣ್ಣಲ್ಲಿ ತುಂಟತನ, ಸಾಕ್ಷಾತ್ ಪಟ್ಟಲಮ್ಮ! ಮಹದೇವುಗೆ ಹಿಗ್ಗು ತಡೆಯಲಾಗಲಿಲ್ಲ, ಮೇಜು ಕುಟ್ಟಿ ತಾಳ ಹಾಕಿದ. ಅಷ್ಟರಲ್ಲಿ ಪರದೆಯ ಮೇಲಿನ ಅಕ್ಕ ಹಾಡು ನಿಲ್ಲಿಸಿ, ಪಕ್ಕದಲ್ಲಿ ನಾಚಿ ಕುಳಿತಿದ್ದ ತಂಗಿಯನ್ನು ತಿವಿದಳು: “ದನಿ ಎತ್ತೇ ಇಂದ್ರೀ, ರಾಗಿ ಇಟ್ಟು ಉಂಡಿಲ್ವೇನೇ?”

“ಉಂಡಿವ್ನಿ ಕಣಕ್ಕ, ಉಂಡಿವ್ನಿ!” ಎಂದಳು ಇಂದ್ರಮ್ಮ, ನಗುತ್ತಲೇ ಕಣ್ಣೊರೆಸಿಕೊಂಡು. ಆಮೇಲೆ ಬಸ್ಸಿಗೆ ಕಾದವರೆಲ್ಲ ತಿರುಗಿ ನೋಡುವಂತೆ ಅಕ್ಕನ ಜೊತೆ ದನಿ ಎತ್ತಿದಳು.